ಆರನೇ ಪರದೆಯ ಫಾರಂ

ನಾಲ್ಕು ಗಂಟೆಗೆ ಅತ್ತೆಯ ಮಗ್ಗುಲು ಬದಲಿಸಬೇಕು. ಬೆನ್ನಿಗೊಂದು ದಿಂಬು, ಮೊಣಕಾಲುಗಳ ನಡುವೆ ಇನ್ನೊಂದು. ಒದ್ದೆಯಾದ ಡೈಪರ್ ಬಿಚ್ಚಬೇಕು, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು, ಒಣಗಲು ಬಿಟ್ಟು ಹೊಸದು ಕಟ್ಟಬೇಕು. ಸೊಂಟದ ಹತ್ತಿರ ಕೆಂಪಗಾದ ಜಾಗ ನಿನ್ನೆಗಿಂತ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ಟಾರ್ಚ್ ಹಿಡಿದು ನೋಡಬೇಕು. ಹೊದಿಕೆ ನೆನೆಹಾಕಬೇಕು. ಮೋಟಾರ್ ಹಾಕಬೇಕು, ಟ್ಯಾಂಕ್ ತುಂಬಿ ಹರಿದು ಕೆಳಗಿನ ಮನೆಯವರು ಕೂಗುವ ಮುಂಚೆ ಆರಿಸಬೇಕು. ಮಾತ್ರೆ ಪುಡಿಮಾಡಿ ಎರಡು ಚಮಚ ನೀರಿನಲ್ಲಿ ಕಲಸಬೇಕು. ಗಂಜಿ ಕಾಯಿಸಿ ಆರಲು ಇಡಬೇಕು. ಗಂಡನ ಡಬ್ಬಿಗೆ ತರಕಾರಿ ಹೆಚ್ಚಬೇಕು, ಅಂಗಿಗೆ ಇಸ್ತ್ರಿ ಹಾಕಬೇಕು. ನೆನೆಹಾಕಿದ್ದನ್ನು ಹಿಂಡಿ ಹರವಬೇಕು. ಇಷ್ಟೆಲ್ಲ ಆದ ಮೇಲೂ ಕಿಟಕಿಯಾಚೆ ಕತ್ತಲೆಯೇ ಇರುತ್ತದೆ.

ಐದೂವರೆಗೆ ಅವಳು ಅತ್ತೆಯ ಮಂಚದ ಪಕ್ಕದ ಮೇಜಿಗೆ ಬಂದು ಕಂಪ್ಯೂಟರ್ ಹಾಕುತ್ತಾಳೆ. ಅವಳು ಕೆಲಸ ಎಂದು ಕರೆಯುವುದು ಇದನ್ನು ಮಾತ್ರ. ಅದಕ್ಕಿಂತ ಮುಂಚಿನದಕ್ಕೆಲ್ಲ ಆ ಮನೆಯಲ್ಲಿ ಹೆಸರಿಲ್ಲ. ಆರೂವರೆಗೆ ಗಂಡ ಕಣ್ಣುಜ್ಜುತ್ತ ಬಂದು "ಎದ್ದಿದ್ದೀಯಾ?" ಎಂದು ಕೇಳಿದರೆ, ಏಳುವುದೊಂದೇ ಅವಳು ಅಲ್ಲಿಯತನಕ ಮಾಡಿದ ಸಾಧನೆ ಎಂಬಂತೆ ಇರುತ್ತದೆ.

ಮದುವೆಗೆ ಮುಂಚೆಯೂ, ಆಮೇಲೆ ಹದಿನೇಳು ವರ್ಷವೂ ಅವಳು ಒಂದು ಪ್ರೆಸ್ಸಿನಲ್ಲಿ ಪುಟ ಜೋಡಿಸುತ್ತಿದ್ದಳು. ಕರಪತ್ರ, ಕ್ಯಾಲೆಂಡರ್, ಕಾಲೇಜಿನ ವಾರ್ಷಿಕ ಸಂಚಿಕೆ. ಅಂಚು ಒಂದು ಕೂದಲೆಳೆಯಷ್ಟು ಸರಿದಿದ್ದರೂ ಅವಳ ಕಣ್ಣಿಗೆ ಚುಚ್ಚುತ್ತಿತ್ತು. "ನಿನ್ನ ಕಣ್ಣಿರುವಾಗ ನಮಗೆ ಸ್ಕೇಲ್ ಯಾಕೆ" ಎನ್ನುತ್ತಿದ್ದ ಪ್ರೆಸ್ಸಿನ ಮಾಲೀಕ. ಅತ್ತೆಗೆ ಪಾರ್ಶ್ವವಾಯು ಬಡಿದ ವಾರ ಆಸ್ಪತ್ರೆಯ ಬೆಂಚಿನ ಮೇಲೆ ಗಂಡ, ನಾದಿನಿ, ಅವಳು ಮೂವರೂ ಕೂತಿದ್ದರು. ಮುಂದೇನು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಇಬ್ಬರೂ ಅವಳ ಮುಖ ನೋಡಿದರು, ಅಷ್ಟೆ. ಸೋಮವಾರ ಅವಳು ಪ್ರೆಸ್ಸಿಗೆ ಫೋನ್ ಮಾಡಿ ಇನ್ನು ಬರುವುದಿಲ್ಲ ಎಂದಳು. ಅದಾಗಿ ಆರು ವರ್ಷ.

ಮೊದಲ ವರ್ಷ ಗೋಡೆ ನೋಡಿದಳು. ಎರಡನೇ ವರ್ಷ ಮಗಳು ಹಾಸ್ಟೆಲಿಗೆ ಹೋಗುವಾಗ ತನ್ನ ಹಳೆಯ ಕಂಪ್ಯೂಟರ್ ಬಿಟ್ಟುಹೋದಳು. ವೆಬ್‌ಸೈಟ್ ಕಟ್ಟುವುದನ್ನು ಅದರಲ್ಲೇ ವಿಡಿಯೋ ನೋಡಿ ಕಲಿತದ್ದು. ಒಂದು ಕಿವಿಗೆ ಇಯರ್‌ಫೋನ್, ಇನ್ನೊಂದು ಕಿವಿ ಅತ್ತೆಗೆ. ಅರ್ಧ ಕಿವಿಯಲ್ಲಿ ಕಲಿತ ವಿದ್ಯೆ ಎಂದು ತಾನೇ ಹೇಳಿಕೊಂಡು ನಗುತ್ತಾಳೆ, ಜೊತೆಗೆ ನಗುವವರಿಲ್ಲ.

ಈಗ ಅವಳನ್ನು ಹುಡುಕಿಕೊಂಡು ಬರುವವರೆಲ್ಲ ಕೇಳುವುದು ಒಂದೇ ಬಗೆಯ ಪುಟ. ಮೌಸಿನ ಗಾಲಿಯನ್ನೋ ಬೆರಳನ್ನೋ ಒಮ್ಮೆ ಸರಿಸಿದರೆ ಇಡೀ ಪರದೆ ಬದಲಾಗಬೇಕು, ತುಂಬಿದ ಪರದೆಯ ಬದಲು ಇನ್ನೊಂದು ತುಂಬಿದ ಪರದೆ. ಬಲ ಅಂಚಿನಲ್ಲಿ ಚುಕ್ಕಿಗಳು, ಪರದೆಗೊಂದು. ವೆಬ್‌ಸೈಟ್ ಎಡಿಟರಿಗೆ ಸೇರಿಸಿಕೊಳ್ಳುವ ಒಂದು ಪ್ಲಗಿನ್ ಈ ಕೆಲಸ ಮಾಡುತ್ತದೆ. ಎಡಿಟರಿನಲ್ಲಿ ಕಟ್ಟುವಾಗ ಎಲ್ಲ ಪರದೆಗಳೂ ಒಂದರ ಕೆಳಗೊಂದು ಉದ್ದಕ್ಕೆ ನಿಂತಿರುತ್ತವೆ, ಒಣಗಲು ಹಾಕಿದ ಸೀರೆಯ ಹಾಗೆ. ಪ್ಲಗಿನ್ನಿನ ಗುಂಡಿ ಒತ್ತಿ ಹೊರಗಿನಿಂದ ನೋಡಿದಾಗಲೇ ಅವು ಪಟ್ ಪಟ್ಟೆಂದು ಜಿಗಿಯುವುದು. ಇದರಲ್ಲಿ ಒಂದೇ ಒಂದು ಅಪಾಯ. ಪರದೆಯಲ್ಲಿ ಹಿಡಿಸದೆ ಉಳಿದದ್ದು ಕೆಳಗಡೆ ಕತ್ತರಿಸಿಹೋಗುತ್ತದೆ. ನೋಡುವವನು ಎಷ್ಟೇ ಸರಿಸಲಿ, ಅದು ಸಿಗುವುದಿಲ್ಲ, ಮುಂದಿನ ಪರದೆ ಬಂದುಬಿಡುತ್ತದೆ. ಅಲ್ಲೇನೋ ಇತ್ತು ಎಂದು ಅವನಿಗೆ ತಿಳಿಯುವುದೂ ಇಲ್ಲ.

ಇದನ್ನೆಲ್ಲ ಅವಳು ಅತ್ತೆಗೆ ವಿವರಿಸುತ್ತಾಳೆ. ಬೇರೆ ಯಾರಿಗೆ ಹೇಳಬೇಕು? ಅತ್ತೆಗೆ ಉಳಿದಿರುವುದು ಎಡಗೈ ಮತ್ತು ಒಂದು ಮಾತು: "ಆಯ್ತು." ಹಸಿದರೆ ಆಯ್ತು, ನೋವಾದರೆ ಆಯ್ತು ಆಯ್ತು, ಮಗ ಬಾಗಿಲಲ್ಲಿ ನಿಂತು "ಹೇಗಿದ್ದೀಯಮ್ಮ" ಎಂದರೂ ಆಯ್ತು. ಐವತ್ತು ವರ್ಷ ಗಂಡನಿಗೆ, ಮಾವನಿಗೆ, ಮಗನಿಗೆ ಹೇಳಿ ಹೇಳಿ ನಾಲಿಗೆಯಲ್ಲಿ ಬೇರುಬಿಟ್ಟಿದ್ದ ಮಾತು. ಮಿದುಳಿನ ಅಷ್ಟು ಭಾಗ ಸತ್ತರೂ ಅದೊಂದು ಸಾಯಲಿಲ್ಲ.

"ಈ ಚುಕ್ಕಿ ಬಿಳಿ ಇರಲಾ, ಹಸಿರು ಮಾಡ್ಲಾ ಅತ್ತೆ?"

"ಆಯ್ತು."

"ಹಸಿರೇ ಅಲ್ವಾ? ನಂಗೂ ಹಾಗೇ ಅನ್ನಿಸ್ತು."

ಹೀಗೆ ಆರು ವರ್ಷ ಇಬ್ಬರೂ ಮಾತಾಡಿಕೊಂಡು ಬಂದಿದ್ದಾರೆ.

ಈ ಬಾರಿ ಕೆಲಸ ಕೊಟ್ಟವಳು ಒಬ್ಬ ನಿವೃತ್ತ ನರ್ಸು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು, ಈಗ ಮನೆಗಳಿಗೆ ಆಯಾಗಳನ್ನು ಕಳಿಸುವ ಸಂಸ್ಥೆ ನಡೆಸುತ್ತಾಳೆ. ಹಾಸಿಗೆ ಹಿಡಿದವರಿಗೆ, ಆಪರೇಷನ್ ಆದವರಿಗೆ, ಮರೆವಿನವರಿಗೆ. ಇಬ್ಬರೂ ಮುಖ ನೋಡಿಲ್ಲ, ಎಲ್ಲ ಫೋನಿನಲ್ಲೇ. ನರ್ಸಮ್ಮನಿಗೆ ಅವಳ ಹೆಸರು ನೆನಪಿರುವುದಿಲ್ಲ. "ವೆಬ್‌ಸೈಟಮ್ಮಾ" ಎಂದೇ ಕರೆಯುವುದು.

"ನಂಗೆ ಈ ಚುಕ್ಕಿ ಗಿಕ್ಕಿ ಎಲ್ಲ ಗೊತ್ತಾಗಲ್ಲ ವೆಬ್‌ಸೈಟಮ್ಮ. ಮಗ ಅಪ್ಪನ ಹಾಸಿಗೆ ಪಕ್ಕ ನಿಂತ್ಕೊಂಡು ಒಂದು ಕೈಲಿ ಫೋನ್ ಹಿಡ್ಕೊಂಡು ನೋಡ್ತಾನೆ. ಅವನಿಗೆ ಸಿಕ್ಕಿದ್ರೆ ಸಾಕು."

"ಮಗ ನೋಡಲ್ಲ ಮೇಡಂ" ಎಂದಳು ಅವಳು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಆ ಕಡೆ ನರ್ಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸರಿ, ಸೊಸೆ ನೋಡ್ತಾಳೆ ಅಂತ ಇಟ್ಕೋ."

ಆರು ಪರದೆ ಎಂದು ಒಪ್ಪಂದವಾಯಿತು. ಮೂರನೆಯದರಲ್ಲಿ ಆಯಾ ಏನೇನು ಮಾಡುತ್ತಾಳೆ ಎಂಬ ಪಟ್ಟಿ. ನರ್ಸಮ್ಮ ಕೈಬರಹದಲ್ಲಿ ಬರೆದು ಫೋಟೋ ಕಳಿಸಿದ್ದಳು, ಹದಿನಾಲ್ಕು ಸಾಲು. ಮೈ ಒರೆಸುವುದು, ಬಾಯಿ ತೊಳೆಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಹುಣ್ಣಾಗದಂತೆ ನೋಡುವುದು, ತಿನ್ನಿಸುವುದು, ತಿಂದದ್ದು ಶ್ವಾಸನಾಳಕ್ಕೆ ಹೋಗದಂತೆ ಕೂರಿಸುವುದು... ಟೈಪ್ ಮಾಡುತ್ತ ಮಾಡುತ್ತ ಅವಳ ಕೈ ನಿಧಾನವಾಯಿತು. ಯಾರೋ ಅವಳ ಮನೆಯ ಕಿಟಕಿಯಿಂದ ನೋಡಿ ಬರೆದ ಹಾಗಿತ್ತು. ಒಂದೊಂದರ ಎದುರೂ ಚಂದದ ಹಸಿರು ಗುರುತು ಹಾಕಿ, ಹಿಂದೆ ನಗುವ ಹುಡುಗಿಯ ಚಿತ್ರ ಇಟ್ಟಾಗ ಅದು ವಿದ್ಯೆಯ ಹಾಗೆ ಕಂಡಿತು. ಒಬ್ಬರು ಕಲಿಯಬೇಕಾದದ್ದು, ಇನ್ನೊಬ್ಬರು ಕರೆದು ಕೇಳಬೇಕಾದದ್ದು.

ಕಂಪ್ಯೂಟರಿನಲ್ಲಿ ಹದಿನಾಲ್ಕೂ ಹಿಡಿಸಿದವು. ಫೋನಿನಲ್ಲಿ ನೋಡಿದರೆ ಒಂಬತ್ತಕ್ಕೇ ಪರದೆ ಮುಗಿಯಿತು. ಐದು ಕೆಳಗೆ ಮುಳುಗಿದ್ದವು.

"ಹೋದ್ರೆ ಹೋಗ್ಲಿ ಬಿಡು" ಎಂದಳು ನರ್ಸಮ್ಮ. "ಸಂಪೂರ್ಣ ಆರೈಕೆ ಅಂತ ಒಂದೇ ಸಾಲು ಹಾಕಿ ಮುಗಿಸು."

"ಬೇಡ ಮೇಡಂ. ಸಂಪೂರ್ಣ ಅಂದ್ರೆ ಯಾರಿಗೂ ಏನೂ ಕಾಣಲ್ಲ. ಫೋನಿಗೆ ಎರಡು ಪರದೆ ಮಾಡ್ತೀನಿ, ಏಳು ಏಳು. ಒಂದೂ ಬಿಡಲ್ಲ."

ಇಂಥ ಪುಟಗಳಲ್ಲಿ ಅದೊಂದು ರೂಢಿ. ಒಂದೇ ಪರದೆಯ ಎರಡು ಪ್ರತಿ ಮಾಡುವುದು: ಕಂಪ್ಯೂಟರಿಗೆ ಒಂದು, ಫೋನಿಗೆ ಒಂದು. ಅಲ್ಲಿ ತೋರಿಸಿದ್ದನ್ನು ಇಲ್ಲಿ ಅಡಗಿಸುವುದು. ಆರನೇ ಪರದೆಯ ಫಾರಮ್ಮಿಗೂ ಅವಳು ಹಾಗೇ ಎರಡು ಪ್ರತಿ ಮಾಡಿದಳು. ಆಯಾ ಬೇಕಾದವರು ತುಂಬಿ ಕಳಿಸುವ ಫಾರಂ. ರೋಗಿಯ ವಯಸ್ಸು, ಕಾಯಿಲೆ, ವಿಳಾಸ. ಕೊನೆಯಲ್ಲಿ ನರ್ಸಮ್ಮ ಹಟ ಹಿಡಿದು ಸೇರಿಸಿದ ಎರಡು ಪ್ರಶ್ನೆ: ಈಗ ನೋಡಿಕೊಳ್ಳುತ್ತಿರುವವರು ಯಾರು? ಅವರು ದಿನಕ್ಕೆ ಎಷ್ಟು ಹೊತ್ತು ನಿದ್ದೆ ಮಾಡುತ್ತಾರೆ?

"ಇದ್ಯಾಕೆ ಮೇಡಂ? ಯಾವ ಫಾರಮ್ಮಲ್ಲೂ ನೋಡಿಲ್ಲ."

"ರೋಗಿ ಹೇಗಿದ್ದಾನೆ ಅಂತ ಎಲ್ಲರೂ ಪುರಾಣ ಬರೀತಾರೆ. ನೋಡ್ಕೊಳ್ಳೋಳು ಹೇಗಿದ್ದಾಳೆ ಅಂತ ಗೊತ್ತಾದ್ರೆ ತಾನೆ ಎಂಥ ಆಯಾನ ಕಳಿಸ್ಬೇಕು ಅಂತ ನಂಗೆ ತಿಳಿಯೋದು."

ಶುಕ್ರವಾರ ಮಧ್ಯಾಹ್ನ ಫಾರಂ ಪರೀಕ್ಷೆ ಮಾಡುವ ಕೆಲಸ ಬಾಕಿ ಇತ್ತು. ಕಂಪ್ಯೂಟರಿನದು ಬೆಳಿಗ್ಗೆಯೇ ನೋಡಿ ಆಗಿತ್ತು. ಹೋದ ಪತ್ರ ಅವಳ ಇಮೇಲಿಗೇ ಬಂದಿತ್ತು. ಅತ್ತೆಗೆ ಗಂಜಿ ತಿನ್ನಿಸುತ್ತ, ಎಡಗೈಯಲ್ಲಿ ಫೋನ್ ಹಿಡಿದು ಫೋನಿನ ಪ್ರತಿಯನ್ನು ತೆರೆದಳು. ಸಾಮಾನ್ಯವಾಗಿ ಎಲ್ಲದಕ್ಕೂ "ಟೆಸ್ಟ್ ಟೆಸ್ಟ್" ಎಂದು ಹೊಡೆದು ಕಳಿಸುವುದು ವಾಡಿಕೆ. ಆದರೆ ಉದ್ದದ ಉತ್ತರ ಬರೆದರೆ ಚೌಕ ದೊಡ್ಡದಾಗಿ ಕಳಿಸುವ ಗುಂಡಿ ಕೆಳಗೆ ಮುಳುಗೀತೇ ಎಂದು ನೋಡಬೇಕಿತ್ತು. ಆದ್ದರಿಂದ ನಿಜವನ್ನೇ ಬರೆದಳು. ಸುಳ್ಳು ಕಟ್ಟುವುದಕ್ಕಿಂತ ಅದೇ ಸುಲಭ.

ಹೆಂಗಸು, ಎಪ್ಪತ್ತೊಂಬತ್ತು. ಬಲಗೈ, ಬಲಗಾಲು ಬರುವುದಿಲ್ಲ. ಮಾತು ಒಂದೇ. ಸೊಂಟದ ಹತ್ತಿರ ಕೆಂಪಗಾಗಿದೆ. ಬೆಳಗಿನ ಹೊತ್ತು ಅಳುತ್ತಾರೆ, ಯಾಕೆಂದು ಹೇಳಲು ಆಗುವುದಿಲ್ಲ. ಬೆರಳು ತಾನಾಗಿ ಓಡುತ್ತಿತ್ತು. ನೋಡಿಕೊಳ್ಳುತ್ತಿರುವವರು ಎಂಬಲ್ಲಿ ಪಟ್ಟಿ ಬಿಚ್ಚಿದಳು: ಗಂಡ, ಹೆಂಡತಿ, ಮಗ, ಮಗಳು, ಇತರೆ. ಸೊಸೆ ಇರಲಿಲ್ಲ. ಯಾವುದೋ ಹಳೆಯ ಫಾರಮ್ಮಿನಿಂದ ಎತ್ತಿ ಹಾಕಿದ ಪಟ್ಟಿ, ಹಾಕಿದವಳು ತಾನೇ. "ನೋಡಿದ್ರಾ ಅತ್ತೆ, ನನ್ನೇ ನಾನು ಮರ್ತಿದೀನಿ" ಎಂದು ಇತರೆ ಒತ್ತಿದಳು. ನಿದ್ದೆ ಎಷ್ಟು ಹೊತ್ತು ಎಂಬುದರ ಮುಂದೆ ಬಹಳ ಹೊತ್ತು ನಿಂತಳು. ಚಮಚದ ಗಂಜಿ ತಣ್ಣಗಾಯಿತು. ಆರು ವರ್ಷದಲ್ಲಿ ಆ ಪ್ರಶ್ನೆ ಕೇಳಿದ್ದು ಇದೊಂದು ಫಾರಂ, ಅದೂ ತಾನೇ ಕಟ್ಟಿದ್ದು. "ಮೂರೂವರೆ ಗಂಟೆ, ಅದೂ ಒಟ್ಟಿಗೆ ಅಲ್ಲ" ಎಂದು ಬರೆದು, ತನ್ನ ವಿಳಾಸ ಹಾಕಿ ಕಳಿಸಿದಳು. ಗುಂಡಿ ಮುಳುಗಲಿಲ್ಲ. ಧನ್ಯವಾದ ಎಂಬ ಹಸಿರು ಸಾಲು ಬಂತು. ಅಷ್ಟರಲ್ಲಿ ಅತ್ತೆಗೆ ಕೆಮ್ಮು ಹತ್ತಿತು. ಫೋನ್ ಹಾಸಿಗೆಯ ಮೇಲೆ ಬಿಸಾಡಿ ಅವರನ್ನು ಎತ್ತಿ ಕೂರಿಸಿದವಳು, ಪತ್ರ ತನ್ನ ಇಮೇಲಿಗೆ ಬಂತೇ ಎಂದು ನೋಡುವುದನ್ನು ಮರೆತಳು.

ನೋಡಿದ್ದರೆ ಬಂದಿಲ್ಲವೆಂದು ಗೊತ್ತಾಗುತ್ತಿತ್ತು. ಸೈಟ್ ಸೋಮವಾರ ತೆರೆಯಬೇಕಾದ್ದರಿಂದ ಫೋನಿನ ಪ್ರತಿಗೆ ಹಿಂದಿನ ದಿನವೇ ನರ್ಸಮ್ಮನ ಇಮೇಲ್ ಹಾಕಿಟ್ಟಿದ್ದಳು.

ಭಾನುವಾರ ಬೆಳಿಗ್ಗೆ ಏಳಕ್ಕೆ ಬೆಲ್ ಆಯಿತು. ಅಂದು ಮಧ್ಯಾಹ್ನದ ಪಾಳಿ ಇದ್ದ ಗಂಡ ಹೋಗಿ ಬಾಗಿಲು ತೆಗೆದ. ನಲವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದಳು.

"ಯಾರು ಬೇಕಾಗಿತ್ತು?"

"ಎಪ್ಪತ್ತೊಂಬತ್ತು ವರ್ಷದೋರು. ಬಲಗಡೆ ಬರಲ್ಲ, ಬೆಳಿಗ್ಗೆ ಹೊತ್ತು ಅಳ್ತಾರೆ."

"ಅದು ನಮ್ಮಮ್ಮ" ಎಂದ ಗಂಡ, ತನ್ನ ಮನೆಯ ಗುಟ್ಟು ಬೀದಿಯವಳ ಬಾಯಲ್ಲಿ ಕೇಳಿದವನ ಹಾಗೆ. ಆಮೇಲೆ ಒಳಗೆ ತಿರುಗಿ, "ಅಮ್ಮ ಬೆಳಿಗ್ಗೆ ಅಳ್ತಾಳಾ?" ಎಂದ.

ಅಡುಗೆಮನೆಯಿಂದ ಬಂದವಳಿಗೆ ಒಂದೇ ನೋಟಕ್ಕೆ ಎಲ್ಲ ಅರ್ಥವಾಯಿತು. ಬಾಲ್ಕನಿಗೆ ಹೋಗಿ ನರ್ಸಮ್ಮನಿಗೆ ಫೋನ್ ಹಚ್ಚಿದಳು.

"ಮೇಡಂ, ಅದು ಟೆಸ್ಟು. ಫಾರಂ ಹೋಗತ್ತಾ ಅಂತ ನೋಡಿದ್ದು ಅಷ್ಟೆ."

"ಟೆಸ್ಟಾ? ಅಷ್ಟುದ್ದ ಸುಳ್ಳು ಯಾರು ಬರೀತಾರಮ್ಮ?"

"ಸುಳ್ಳಲ್ಲ..."

"ಸುಳ್ಳಲ್ಲ ಅಂದ್ಮೇಲೆ ಟೆಸ್ಟ್ ಹೇಗಾಗತ್ತೆ?" ಎಂದಳು ನರ್ಸಮ್ಮ. ನಗುತ್ತಿರಲಿಲ್ಲ. "ನೋಡು, ಮೊದಲ ದಿನ ದುಡ್ಡಿಲ್ದೆ ಕಳಿಸ್ತೀವಿ ಅಂತ ನಾಲ್ಕನೇ ಪರದೇಲಿ ನೀನೇ ದೊಡ್ಡಕ್ಷರದಲ್ಲಿ ಹಾಕಿದ್ದೀಯ. ಇವತ್ತು ಇರ್ಲಿ. ಸಂಜೆ ಐದಕ್ಕೆ ಹೇಳು. ಬೇಡ ಅಂದ್ರೆ ಬೇಜಾರಿಲ್ಲ, ಅವಳಿಗೆ ನಾಳೆಯಿಂದ ಇನ್ನೊಂದು ಮನೆ ಕಾಯ್ತಿದೆ. ಒಳ್ಳೆ ಕೈ, ಮತ್ತೆ ಸಿಗಲ್ಲ."

ಗಂಡ ಕೂಗಾಡುವವನಲ್ಲ. ಕೂಗಾಡಿದ್ದರೆ ಉತ್ತರ ಕೊಡಬಹುದಿತ್ತು. "ದುಡ್ಡಿನ ಮಾತಲ್ಲ" ಎಂದ. "ಅಮ್ಮಂಗೆ ಬೇರೆಯವರ ಕೈ ಒಗ್ಗಲ್ಲ ಅಂತ ನಿಂಗೇ ಗೊತ್ತು. ನಿನ್ನ ಹಾಗೆ ಯಾರು ನೋಡ್ಕೋತಾರೆ? ಸಂಜೆ ನೀನೇ ಹೇಳ್ಬಿಡು, ತಪ್ಪಾಗಿ ಹೋಯ್ತು ಅಂತ." ಹೊಗಳಿಕೆಯ ಹಗ್ಗದಲ್ಲೂ ಕಟ್ಟಬಹುದು ಎಂಬುದು ಆರು ವರ್ಷದಲ್ಲಿ ಅವಳಿಗೆ ತಿಳಿಯದ ಸಂಗತಿಯೇನಲ್ಲ. ಡಬ್ಬಿ ತೆಗೆದುಕೊಂಡು ಹನ್ನೊಂದಕ್ಕೆ ಹೊರಟುಹೋದ. ಹೊರಡುವ ಮುಂಚೆ ತಂಗಿಗೆ ಫೋನ್ ಮಾಡಿದ್ದ ಎಂದು ತೋರುತ್ತದೆ. ಹನ್ನೊಂದೂ ಹತ್ತಕ್ಕೆ ನಾದಿನಿಯ ವಿಡಿಯೋ ಕಾಲ್ ಬಂತು.

"ಏನತ್ತಿಗೆ ಇದು? ನಮ್ಮಮ್ಮನ್ನ ಯಾರ್ಯಾರ ಕೈಗೋ ಹಾಕ್ತೀರಾ?"

"ಯಾರ್ಯಾರ ಕೈಗೂ ಅಲ್ಲ, ಕಲಿತವಳು."

"ನೀವು ಮನೇಲೇ ಇರ್ತೀರಲ್ಲ ಅತ್ತಿಗೆ. ಹೊರಗೆ ದುಡಿಯೋರಾದ್ರೆ ಬೇರೆ ಮಾತು. ಅಮ್ಮ ಏನು ಎದ್ದು ಓಡಾಡ್ತಾರಾ, ಅವರ ಹಿಂದೆ ಓಡಕ್ಕೆ?"

"ಓಡಾಡಿದ್ರೆ ಆಯಾ ಬೇಡವಾಗಿತ್ತು" ಎಂದಳು ಅವಳು. "ನೀನು ಒಂದು ವಾರ ಬಂದಿರ್ತೀಯಾ? ಅವಳನ್ನ ಈಗ್ಲೇ ಕಳಿಸ್ತೀನಿ."

ನಾದಿನಿಯ ಮನೆಯಲ್ಲಿ ಸರಿಯಾಗಿ ಅದೇ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ಆಮೇಲೆ ಮಾಡ್ತೀನಿ ಎಂದು ಕಾಲ್ ಇಟ್ಟಳು.

ಆಯಾ ಇದ್ಯಾವುದಕ್ಕೂ ಕಿವಿಗೊಡಲಿಲ್ಲ. ಕೈ ತೊಳೆದಳು, ಚೀಲದಿಂದ ಬೇರೆ ಚಪ್ಪಲಿ ತೆಗೆದು ಮೆಟ್ಟಿಕೊಂಡಳು. ಅತ್ತೆಯ ಮುಖದ ಎತ್ತರಕ್ಕೆ ಬಗ್ಗಿ, "ಅಜ್ಜಿ, ಈಗ ತಿರುಗಿಸ್ತೀನಿ, ನಿಮ್ಮ ಎಡಗೈ ನನ್ನ ಹೆಗಲ ಮೇಲೆ ಹಾಕಿ" ಎಂದಳು. ಅತ್ತೆ ಹಾಕಿದರು. ಒಂದು ಚಾದರವನ್ನು ಅಡ್ಡಡ್ಡ ಮಡಿಸಿ ಮೈಕೆಳಗೆ ತೂರಿಸಿ ಎಳೆದಳು; ಅತ್ತೆ ಹೂವಿನ ಹಾಗೆ ಹೊರಳಿದರು.

"ನೀವು ಕಂಕುಳಿಗೆ ಕೈಹಾಕಿ ಎತ್ತುತ್ತಿದ್ರಾ ಅಕ್ಕ?"

"ಹೌದು."

"ಅದಕ್ಕೇ ನಿಮ್ಮ ಸೊಂಟ ಹಾಗಾಗಿರೋದು. ನಡೆಯೋದು ನೋಡಿದ್ರೇ ಗೊತ್ತಾಗತ್ತೆ. ಯಾರೂ ಹೇಳಿಕೊಡಲಿಲ್ವಾ?"

ಯಾರು ಹೇಳಿಕೊಡಬೇಕು? ಹೆಂಗಸಿಗೆ ಇದೆಲ್ಲ ಹುಟ್ಟುತ್ತಲೇ ಬಂದಿರುತ್ತದೆ ಎಂದು ಆ ಆಸ್ಪತ್ರೆಯವರೂ ನಂಬಿದ್ದರು, ಅವಳೂ ನಂಬಿದ್ದಳು. ಆರು ವರ್ಷ ತಪ್ಪಾಗಿ ಎತ್ತಿದ್ದಳು. ತನಗೂ ನೋವು, ಅವರಿಗೂ ನೋವು. ಅತ್ತೆ ಬೆಳಿಗ್ಗೆ ಅಳುತ್ತಿದ್ದದ್ದು ಅದಕ್ಕೇ ಇರಬಹುದೇ ಎಂಬ ಯೋಚನೆ ಬಂದು ಎದೆಯಲ್ಲಿ ಮುಳ್ಳಿನ ಹಾಗೆ ನಿಂತಿತು.

"ಹೋಗಿ ಅಕ್ಕ, ನಿಮ್ಮ ಕೆಲಸ ನೋಡ್ಕೊಳ್ಳಿ. ಇಲ್ಲಿ ನಿಂತ್ರೆ ಅಜ್ಜಿ ನಿಮ್ಮನ್ನೇ ನೋಡ್ತಾರೆ, ತಿನ್ನಲ್ಲ."

ಅವಳು ಕಂಪ್ಯೂಟರನ್ನು ಎತ್ತಿಕೊಂಡು ಮಗಳ ಖಾಲಿ ಕೋಣೆಗೆ ಹೋದಳು. ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿತ್ತು. ಮಗಳ ಓದುವ ಮೇಜಿನ ಧೂಳು ಒರೆಸಿ, ಬಾಗಿಲು ಅರ್ಧ ಮುಚ್ಚಿ ಕೂತಳು. ಎರಡು ಕಿವಿಗೂ ಇಯರ್‌ಫೋನ್ ಹಾಕಿಕೊಂಡಳು. ಹಾಡೇನೂ ಹಚ್ಚಲಿಲ್ಲ. ಫೋನಿನ ಫಾರಮ್ಮಿನ ಪಟ್ಟಿಗೆ ಸೊಸೆ ಎಂದು ಸೇರಿಸಿದಳು, ಕಂಪ್ಯೂಟರಿನದಕ್ಕೂ ಸೇರಿಸಿದಳು. ಐದನೇ ಪರದೆಯ ಚಿತ್ರ ಸಣ್ಣ ಫೋನುಗಳಲ್ಲಿ ತಲೆ ಕತ್ತರಿಸಿದಂತೆ ಕಾಣುತ್ತಿತ್ತು. ಮೂರು ದಿನದಿಂದ ಬಿಡಿಸಲಾಗದೆ ಬಿಟ್ಟಿದ್ದ ಗಂಟು ಅದು. ಇಪ್ಪತ್ತು ನಿಮಿಷದಲ್ಲಿ ಬಿಡಿಸಿದಳು. ಒಂದು ಗಂಟೆ ಆಗುವಷ್ಟರಲ್ಲಿ ಎರಡು ದಿನದ ಕೆಲಸ ಮುಗಿದಿತ್ತು.

ತಾನು ಇಷ್ಟು ವೇಗದವಳೇ ಎಂದು ಅವಳಿಗೇ ಬೆರಗಾಯಿತು. ಹೇಳಬೇಕೆನಿಸಿತು. "ಅತ್ತೆ" ಎಂದು ಬಾಯಿ ತೆರೆದು, ಪಕ್ಕದಲ್ಲಿ ಬರೀ ಗೋಡೆ ನೋಡಿ ಮುಚ್ಚಿಕೊಂಡಳು.

ಇಯರ್‌ಫೋನ್ ತೆಗೆದಳು. ಆಚೆ ಕೋಣೆಯಲ್ಲಿ ಆಯಾ ಏನೋ ತನ್ನ ಬಸ್ಸಿನ ಜಗಳದ ಕತೆ ಹೇಳುತ್ತಿದ್ದಳು. "ಆಗ ಕಂಡಕ್ಟರಂತಾನೆ, ಅಜ್ಜಿ, ಚೀಲಕ್ಕೂ ಟಿಕೆಟ್ ತಗೋ ಅಂತ! ನಾನು ಬಿಡ್ತೀನಾ?" "ಆಯ್ತು!" ಎಂದರು ಅತ್ತೆ. ಅದರಲ್ಲಿ ನಗು ಇತ್ತು. ಆರು ವರ್ಷ ಆ ಮಾತಿನ ಹನ್ನೆರಡು ಬಗೆಯನ್ನೂ ಬಲ್ಲೆ ಎಂದುಕೊಂಡಿದ್ದವಳಿಗೆ ಇದು ಹದಿಮೂರನೆಯದು. ಅವರನ್ನು ನಗಿಸಬೇಕೆಂದು ತನಗೆ ಯಾವತ್ತೂ ಹೊಳೆಯಲೇ ಇಲ್ಲವಲ್ಲ. ಒರೆಸಿದ್ದೆ, ತಿನ್ನಿಸಿದ್ದೆ, ಚುಕ್ಕಿಯ ಬಣ್ಣ ಕೇಳಿದ್ದೆ. ನಗುವುದಕ್ಕೆ ಪುರುಸೊತ್ತು ಯಾರಿಗಿತ್ತು? ಅಥವಾ, ಮಾತಿಗೆ ಬೇರೆ ಯಾರೂ ಇಲ್ಲದ್ದರಿಂದ, ಮಾತು ಬಾರದವರನ್ನೇ ಹಿಡಿದುಕೊಂಡು ಕೂತಿದ್ದೆನೇ?

ಮೂರು ಗಂಟೆಗೆ ಹೋಗಿ ಬಾಗಿಲಲ್ಲಿ ಇಣುಕಿದಳು. ಅತ್ತೆ ಆಯಾಳ ಬೆರಳು ಹಿಡಿದುಕೊಂಡು ನಿದ್ದೆ ಹೋಗಿದ್ದರು. ಆಯಾ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದಳು. ತನ್ನ ಮನೆಯಲ್ಲೇ ಸದ್ದು ಮಾಡಬೇಡ ಎನ್ನಿಸಿಕೊಂಡು ಅವಳು ಹಿಂದೆ ಬಂದಳು. ಮಗಳಿಗೆ ಫೋನ್ ಮಾಡಿದಳು. "ಕ್ಲಾಸಲ್ಲಿದೀನಮ್ಮ, ಅರ್ಜೆಂಟಾ?" ಭಾನುವಾರ ಎಂಥ ಕ್ಲಾಸು ಎಂದು ಕೇಳಲಿಲ್ಲ. "ಇಲ್ಲ, ಸುಮ್ನೆ" ಎಂದಳು. ಪ್ರೆಸ್ಸಿನ ಹಳೆಯ ಗೆಳತಿಯ ನಂಬರ್ ಹುಡುಕಿದಳು. ಅದು ಬೇರೆ ಯಾರದೋ ಆಗಿತ್ತು.

ನಾಲ್ಕೂಮುಕ್ಕಾಲು. ಬೇಡ ಎನ್ನುವುದು ಸುಲಭ. ಬೇಡ ಎಂದರೆ ಗಂಡನಿಗೆ ನೆಮ್ಮದಿ, ನಾದಿನಿಗೆ ನೆಮ್ಮದಿ, ಮಂಚದ ಪಕ್ಕದ ಮೇಜು ಅಲ್ಲೇ ಇರುತ್ತದೆ, ಅತ್ತೆ ಮತ್ತೆ ಅವಳವರಾಗುತ್ತಾರೆ. ನಿನ್ನ ಹಾಗೆ ಯಾರು ನೋಡ್ಕೋತಾರೆ ಎನ್ನುವ ಮಾತು ಬೇಕಾದಾಗ ಸಿಗುತ್ತದೆ. ಬೇಕು ಎಂದರೆ ಈ ಬಾಗಿಲು, ಈ ಗೋಡೆ, ದಿನಕ್ಕೆ ಹತ್ತು ಗಂಟೆ ತಾನೊಬ್ಬಳೇ. ಆ ಹತ್ತು ಗಂಟೆಯಲ್ಲಿ ತುಂಬಿಕೊಳ್ಳಲು ಕೆಲಸ ಬಿಟ್ಟರೆ ಅವಳ ಹತ್ತಿರ ಒಬ್ಬ ಮನುಷ್ಯನೂ ಇರಲಿಲ್ಲ. ಅದನ್ನು ಅವಳು ಇವತ್ತು ಮಧ್ಯಾಹ್ನವಷ್ಟೇ ಕಂಡದ್ದು.

ಐದಕ್ಕೆ ಸರಿಯಾಗಿ ಫೋನ್ ಬಂತು.

"ಏನು ತೀರ್ಮಾನ ಮಾಡಿದೆ ವೆಬ್‌ಸೈಟಮ್ಮ?"

"ನಾಳೆಯಿಂದ ಬರಲಿ ಮೇಡಂ."

"ಮನೆಯೋರನ್ನ ಕೇಳಿದ್ಯಾ?"

"ಕೇಳಿಲ್ಲ. ಕೇಳೋದೂ ಇಲ್ಲ. ಅವರು ಮನೆಗೆ ಬಂದ ಮೇಲೆ ಹೇಳ್ತೀನಿ."

"ರೇಗಾಡಿದ್ರೆ?"

"ರೇಗಾಡಲ್ಲ. ಮಾತು ಬಿಡ್ತಾರೆ" ಎಂದಳು. "ಈಗೇನು ಮಹಾ ಆಡ್ತಿದೀವಿ."

ಫೋನ್ ಇಟ್ಟು, ಹಜಾರ ದಾಟಿ ಅತ್ತೆಯ ಕೋಣೆಗೆ ಹೋದಳು. ಅವರು ಎದ್ದಿದ್ದರು. ಆಯಾ ಚೀಲ ಹೆಗಲಿಗೇರಿಸಿ ಅವಳ ಮುಖವನ್ನೇ ನೋಡುತ್ತ ನಿಂತಿದ್ದಳು. ನಾಳೆ ಏಳಕ್ಕೇ ಬಾ ಎಂದು ಅವಳಿಗೆ ಹೇಳಿದಳು. ಆಮೇಲೆ ಮಂಚದ ಪಕ್ಕದ ಮೇಜಿನ ಮೇಲಿದ್ದ ತನ್ನ ಸಾಮಾನುಗಳನ್ನು, ನೋಟ್‌ಬುಕ್ಕು, ಚಾರ್ಜರ್, ಕನ್ನಡಕದ ಪೆಟ್ಟಿಗೆ, ಒಂದೊಂದಾಗಿ ಎತ್ತಿಕೊಳ್ಳತೊಡಗಿದಳು. ಅತ್ತೆಯ ಕಣ್ಣು ಅವಳ ಕೈಯನ್ನೇ ಹಿಂಬಾಲಿಸುತ್ತಿತ್ತು. ಅವಳು ನಿಲ್ಲಿಸಲಿಲ್ಲ.